ಫಾಗ್ ಲೈಟು, ತಿರುಗೋ ಹೆಡ್‌ಲೈಟು: ಯಾವುದು ಯಾವಾಗ ಕೆಲಸಕ್ಕೆ ಬರುತ್ತೆ?

ಫಾಗ್ ಲೈಟ್ ಹಾಕಿದ್ರೆ ಬೆಳಕು ಮಂಜನ್ನ ಸೀಳ್ಕೊಂಡು ಮುಂದೆ ಹೋಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಮಾರೋರೂ ಹಾಗೇ ಹೇಳಿ ಮಾರ್ತಾರೆ. ಮಂಜು ಸೀಳೋ ಲೈಟು ಅಂತ ಯಾವುದೂ ಇಲ್ಲ. ಬಿಳೀದು, ಹಳದೀದು, ಹ್ಯಾಲೊಜನ್, ಎಲ್‌ಇಡಿ, ಏನೇ ತಂದು ಹಾಕಿ, ದಟ್ಟ ಮಂಜಲ್ಲಿ ಎಲ್ಲದರ ಆಟವೂ ಸ್ವಲ್ಪ ದೂರಕ್ಕೇ ಮುಗಿದುಹೋಗುತ್ತೆ. ಹಾಗಂತ ಫಾಗ್ ಲೈಟ್ ದಂಡ ಅಂತಲ್ಲ, ಅದನ್ನ ಮಾಡಿರೋ ಉದ್ದೇಶವೇ ಬೇರೆ. ಇನ್ನು ಕೆಲವರು, ಅಡಾಪ್ಟಿವ್ ಹೆಡ್‌ಲೈಟ್ (ರಸ್ತೆಗೂ ಎದುರಿನ ಗಾಡಿಗೂ ತಕ್ಕ ಹಾಗೆ ಬೆಳಕನ್ನ ತಾನೇ ಬದಲಿಸ್ಕೊಳ್ಳೋ ದೀಪ) ಇರೋ ಗಾಡಿಗೆ ಫಾಗ್ ಲೈಟ್ ಯಾಕೆ ಬೇಕು ಅಂತ ಕೇಳ್ತಾರೆ. ಅದೂ ಇದೇ ಗೊಂದಲದಿಂದ ಹುಟ್ಟಿದ ಪ್ರಶ್ನೆ. ಒಂದನ್ನ ಮಂಜಿಗೆ ಅಂತ ಮಾಡಿದಾರೆ, ಇನ್ನೊಂದನ್ನ ತಿರುವಿಗೆ ಮತ್ತೆ ಎದುರು ಬರೋರ ಕಣ್ಣಿಗೆ ಅಂತ ಮಾಡಿದಾರೆ, ಇದರ ಕೆಲಸ ಅದು ಮಾಡಲ್ಲ, ಅದರ ಕೆಲಸ ಇದು ಮಾಡಲ್ಲ.

ಮೊದಲು ಮಂಜಿನ ವಿಷಯ ನೋಡೋಣ. ಹವಾಮಾನದವರ ಲೆಕ್ಕದಲ್ಲಿ 1 ಕಿಲೋಮೀಟರಿಗಿಂತ ದೂರದ್ದು ಕಾಣದೇ ಹೋದ್ರೆ ಅದು ಮಂಜು, ಆದ್ರೆ ಗಾಡಿ ಓಡಿಸೋರಿಗೆ ನಿಜವಾದ ತಲೆನೋವು ಶುರುವಾಗೋದು 100 ಮೀಟರ್ ಕೂಡ ಕಾಣಲ್ಲ ಅನ್ನೋ ಹಂತದಲ್ಲಿ. ಮಂಜು ಅಂದ್ರೆ ನೆಲಕ್ಕಿಳಿದ ಮೋಡ, ಅದರ ತುಂಬಾ ಕೆಲವೇ ಮೈಕ್ರೋಮೀಟರಿಂದ ಕೆಲವು ಹತ್ತು ಮೈಕ್ರೋಮೀಟರ್ ಗಾತ್ರದ ನೀರಿನ ಹನಿಗಳು ತೇಲ್ತಾ ಇರ್ತವೆ. ಹೆಡ್‌ಲೈಟಿನ ಬೆಳಕು ಹೊರಗೆ ಬಂದ ತಕ್ಷಣ ಈ ಹನಿಗಳಿಗೆ ಬಡಿದು ನಾಲ್ಕೂ ಕಡೆ ಚದುರುತ್ತೆ, ಅದರಲ್ಲಿ ಒಂದು ಭಾಗ ಸೀದಾ ವಾಪಸ್ ನಿಮ್ಮ ಕಣ್ಣಿಗೇ ಬರುತ್ತೆ. ಮುಂದೆ ಬಿಳಿ ಪರದೆ ಕಟ್ಟಿದ ಹಾಗೆ ಕಾಣೋದು ಇದೇ. ಹೈ ಬೀಮ್, ಅಂದ್ರೆ ದೂರಕ್ಕೆ ಹೋಗೋ ಜೋರು ಬೆಳಕು, ಹಾಕಿದ್ರೆ ಇನ್ನೂ ಕಾಣದೇ ಹೋಗೋದು ಯಾಕೆ ಅಂದ್ರೆ ಹೈ ಬೀಮ್ ಬೆಳಕು ನಿಮ್ಮ ಕಣ್ಣಿನ ನೇರಕ್ಕಿರೋ ಮಂಜಿಗೇ ಹೋಗಿ ಬೀಳುತ್ತೆ, ನೀವು ಯಾವ ದಾರಿಯಲ್ಲಿ ನೋಡ್ತಿದೀರೋ ಅದೇ ದಾರಿಯನ್ನ ಬೆಳಗಿಸಿ ಪರದೆಯನ್ನ ಇನ್ನೂ ದಪ್ಪ ಮಾಡುತ್ತೆ.

ಇಲ್ಲೊಂದು ಲೆಕ್ಕ ಹಾಕಿದ್ರೆ ಎಲ್ಲ ಸಲೀಸಾಗಿ ಅರ್ಥ ಆಗುತ್ತೆ. ಬರೀ 50 ಮೀಟರ್ ಕಾಣೋ ಅಷ್ಟು ದಟ್ಟ ಮಂಜು ಇದೆ ಅಂದ್ಕೊಳ್ಳಿ. ಅಂಥ ಮಂಜಲ್ಲಿ 50 ಮೀಟರ್ ದಾಟೋಷ್ಟರಲ್ಲಿ ಬೆಳಕಿನ 100 ಪಾಲಲ್ಲಿ ಸುಮಾರು 5 ಪಾಲು ಮಾತ್ರ ನೇರವಾಗಿ ಉಳಿಯುತ್ತೆ. ಆದ್ರೆ ನಿಮ್ಮ ಹೆಡ್‌ಲೈಟಿನ ಬೆಳಕು ಅಲ್ಲಿ ತನಕ ಹೋದ್ರೆ ಸಾಲದು, ಅಲ್ಲಿರೋ ವಸ್ತುವಿಗೆ ಬಡಿದು ಮತ್ತೆ 50 ಮೀಟರ್ ವಾಪಸ್ ಬರಬೇಕು, ಆಗ ಆ 5 ಪಾಲಲ್ಲೂ ನೂರಕ್ಕೆ 5 ಉಳಿಯುತ್ತೆ, ಅಂದ್ರೆ 10,000 ಪಾಲಲ್ಲಿ ಬರೀ 25 ಪಾಲು. ಅದೂ ವಸ್ತು ಬಡಿದ ಬೆಳಕನ್ನೆಲ್ಲ ವಾಪಸ್ ಕಳಿಸಿದ್ರೆ, ಕಪ್ಪು ಬಟ್ಟೆ ಹಾಕ್ಕೊಂಡು ನಡೀತಿರೋ ಮನುಷ್ಯ ಆದ್ರೆ ಅದರಲ್ಲೂ ಚೂರುಪಾರು. ಹಾಗಾದ್ರೆ ಲೈಟನ್ನೇ ಎರಡು ಪಟ್ಟು ಜೋರು ಮಾಡೋಣ ಅಂದ್ರೆ, ವಸ್ತುವಿಂದ ಬರೋ ಬೆಳಕೂ ಎರಡು ಪಟ್ಟು ಆಗುತ್ತೆ, ಮಧ್ಯದ ಬಿಳಿ ಪರದೆಯೂ ಎರಡು ಪಟ್ಟು ಆಗುತ್ತೆ, ಲಾಭ ಏನೂ ಇಲ್ಲ. ಮಂಜಿಗೆ ಅಂತ ಜಾಸ್ತಿ ವ್ಯಾಟಿನ ಬಲ್ಬ್ ಹಾಕೋರು ಸೋಲೋದು ಇಲ್ಲೇ.

ಅದಕ್ಕೇ ಮುಂದಿನ ಫಾಗ್ ಲೈಟ್ ಮಾಡಿದವರು ಬೆಳಕು ಜಾಸ್ತಿ ಮಾಡೋ ದಾರಿ ಬಿಟ್ಟು, ಬೆಳಕನ್ನ ಎಲ್ಲಿ ಇಡಬೇಕು ಅನ್ನೋದರ ಮೇಲೆ ತಲೆ ಓಡಿಸಿದಾರೆ. ಅದನ್ನ ಬಂಪರಿನ ಕೆಳಗೆ ಕೂರಿಸ್ತಾರೆ. ಯುರೋಪ್ ಕಡೆ ನಡೆಯೋ ವಿಶ್ವಸಂಸ್ಥೆಯ ವಾಹನ ನಿಯಮಗಳ ಪ್ರಕಾರ ಕಾರಲ್ಲಿ ಅದು ನೆಲದಿಂದ 25 ಸೆಂಟಿಮೀಟರಿಗಿಂತ ಕೆಳಗೂ ಇರಬಾರದು, 80 ಸೆಂಟಿಮೀಟರಿಗಿಂತ ಮೇಲೂ ಇರಬಾರದು. ಕಣ್ಣಿಂದ ದೂರ, ಕೆಳಗೆ ಇದ್ದಷ್ಟೂ ಬೆಳಕಿನ ದಾರಿ ಬೇರೆ, ನೋಟದ ದಾರಿ ಬೇರೆ ಆಗುತ್ತೆ, ವಾಪಸ್ ಬರೋ ಬಿಳುಪು ಕಡಿಮೆ ಆಗುತ್ತೆ. ಬೆಳಕಿನ ಮೇಲಂಚನ್ನ ಗೆರೆ ಎಳೆದ ಹಾಗೆ ಚಪ್ಪಟೆಯಾಗಿ ಕತ್ತರಿಸಿರ್ತಾರೆ, ಮೇಲಕ್ಕೆ ಏನೂ ಚೆಲ್ಲಬಾರದು ಅಂತ, ಆದ್ರೆ ಅಕ್ಕಪಕ್ಕಕ್ಕೆ ತುಂಬಾ ಅಗಲ ಹರಡಿರ್ತಾರೆ. ಇದರಿಂದ ದೂರ ಏನೂ ಕಾಣಲ್ಲ, ಕಾಣೋದು ಹತ್ತಿರದ ರಸ್ತೆ, ಅಂಚಿನ ಬಿಳಿ ಪಟ್ಟಿ, ಪಕ್ಕದ ಮಣ್ಣು, ತಿರುವಿನ ಒಳಗಿನ ಕಲ್ಲು. ನಿಧಾನಕ್ಕೆ ರಸ್ತೆ ಬಿಡದ ಹಾಗೆ ಹೋಗೋಕೆ ಬೇಕಾಗಿರೋದು ಅಷ್ಟೇ. ಆ ನಿಧಾನಕ್ಕೆ ಅನ್ನೋದು ಇದರಲ್ಲೇ ಸೇರಿದೆ, ಫಾಗ್ ಲೈಟ್ ಇದೆ ಅಂತ 80ರಲ್ಲಿ ಹೋಗೋರಿಗೆ ಅದು ಯಾವ ಸಹಾಯವನ್ನೂ ಮಾಡಲ್ಲ.

ಯಾಕೆ ಅಂತ ನೋಡಿ. 80 ಕಿಲೋಮೀಟರ್ ಸ್ಪೀಡಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ಏನೋ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂದ್ರೂ 33 ಮೀಟರ್ ಮುಗೀತು, ಆಮೇಲೆ ಒಣ ರಸ್ತೆ, ಒಳ್ಳೆ ಟೈರ್ ಇದ್ರೂ ನಿಲ್ಲೋಕೆ ಇನ್ನೊಂದು 35 ಮೀಟರ್, ಒಟ್ಟು ಹತ್ತಿರ ಹತ್ತಿರ 70. ಕಾಣ್ತಿರೋದು 50. ಅದೇ 50ರ ಸ್ಪೀಡಲ್ಲಾದ್ರೆ ಒಟ್ಟು 35 ಮೀಟರಲ್ಲಿ ನಿಲ್ಲುತ್ತೆ, ಮಂಜಿಗೆ ರಸ್ತೆ ಒದ್ದೆಯಾಗಿದ್ರೆ ಅದೂ ಜಾಸ್ತಿಯಾಗುತ್ತೆ.

ಹಳದಿ ಬಣ್ಣದ ಕಥೆ ಹೇಳದೆ ಇದ್ರೆ ಯಾರೂ ಬಿಡಲ್ಲ. ಆಕಾಶ ನೀಲಿ ಯಾಕೆ ಅನ್ನೋದಕ್ಕೆ ಶಾಲೇಲಿ ಓದಿದ್ದು ನೆನಪಿರಬಹುದು, ನೀಲಿ ಜಾಸ್ತಿ ಚದುರುತ್ತೆ, ಕೆಂಪು ಹಳದಿ ಕಡಿಮೆ ಚದುರುತ್ತೆ ಅಂತ. ಅದನ್ನೇ ತಂದು ಮಂಜಿಗೆ ಅಂಟಿಸ್ತಾರೆ. ಆ ನಿಯಮ ನಡೆಯೋದು ಬೆಳಕಿನ ತರಂಗಕ್ಕಿಂತ ತುಂಬಾ ಸಣ್ಣ ಕಣಗಳಿಗೆ, ಉದಾಹರಣೆಗೆ ಗಾಳಿಯ ಅಣುಗಳಿಗೆ. ನಮ್ಮ ಕಣ್ಣಿಗೆ ಕಾಣೋ ಬೆಳಕಿನ ತರಂಗ ಸುಮಾರು 0.4ರಿಂದ 0.7 ಮೈಕ್ರೋಮೀಟರ್, ಮಂಜಿನ ಹನಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಅದರ ಮುಂದೆ ಎಲ್ಲಾ ಬಣ್ಣಾನೂ ಹೆಚ್ಚು ಕಡಿಮೆ ಒಂದೇ. ಮಂಜು ಬೆಳ್ಳಗೆ ಕಾಣೋದೂ ಅದಕ್ಕೇ. ಫ್ರಾನ್ಸ್‌ನಲ್ಲಿ 1930ರ ದಶಕದ ಕೊನೆಯಿಂದ 1993ರ ತನಕ ಕಾರಿನ ಹೆಡ್‌ಲೈಟ್ ಹಳದಿಯೇ ಇರಬೇಕು ಅಂತ ಕಾನೂನೇ ಇತ್ತು, ಆಮೇಲೆ ಬಿಟ್ಟುಬಿಟ್ರು. ಹಳದಿಯಲ್ಲಿ ಒಂದು ಒಳ್ಳೇ ಗುಣ ಮಾತ್ರ ಇದೆ, ನೀಲಿ ಭಾಗ ತೆಗೆದಿರೋದ್ರಿಂದ ಕೆಲವರ ಕಣ್ಣಿಗೆ ಅದು ಕಡಿಮೆ ಕುಕ್ಕುತ್ತೆ, ವಾಪಸ್ ಬರೋ ಬೆಳಕು ಹಿತವಾಗಿರುತ್ತೆ. ಹಿತ ಅನ್ಸಿದ್ರೆ ಹಾಕ್ಕೊಳ್ಳಿ, ದೂರ ಕಾಣುತ್ತೆ ಅಂತ ಮಾತ್ರ ಹಾಕ್ಬೇಡಿ.

ನನ್ನ ಪ್ರಕಾರ ಮಂಜಲ್ಲಿ ಜೀವ ಉಳಿಸೋ ದೀಪ ಹಿಂದುಗಡೆ ಇರೋ ರಿಯರ್ ಫಾಗ್ ಲ್ಯಾಂಪು, ಅದರ ಬಗ್ಗೆ ಯಾರೂ ಮಾತೇ ಆಡಲ್ಲ. ಮೇಲಿನ ಲೆಕ್ಕ ಮತ್ತೆ ನೋಡಿ, ನಿಮ್ಮ ಬೆಳಕು ಹೋಗಿ ಬರೋ ಎರಡು ದಾರಿಯಲ್ಲಿ 10,000ಕ್ಕೆ 25 ಉಳಿಯುತ್ತೆ, ಆದ್ರೆ ಮುಂದಿನ ಗಾಡಿಯ ಹಿಂದಿನ ದೀಪ ಒಂದೇ ದಾರಿ ದಾಟಿ ಬರೋದು, ಅದರಲ್ಲಿ 100ಕ್ಕೆ 5 ಉಳಿಯುತ್ತೆ, ಅಂದ್ರೆ 20 ಪಟ್ಟು ಜಾಸ್ತಿ. ಮಂಜಲ್ಲಿ ನಾವು ಬೇರೆಯವರನ್ನ ಹುಡುಕೋದಕ್ಕಿಂತ ಅವರೇ ನಮಗೆ ಕಾಣಿಸ್ಕೊಳ್ಳೋದು ಸುಲಭ. ಮಾಮೂಲಿ ಟೇಲ್ ಲ್ಯಾಂಪಿಗೆ ಕನಿಷ್ಠ 4 ಕ್ಯಾಂಡೆಲಾ (ಬೆಳಕಿನ ಜೋರು ಅಳೆಯೋ ಮಾನ) ಇದ್ರೆ ಸಾಕು ಅನ್ನೋ ವಿಶ್ವಸಂಸ್ಥೆಯ ಅದೇ ನಿಯಮಗಳು ರಿಯರ್ ಫಾಗ್ ಲ್ಯಾಂಪಿಗೆ 150ರಿಂದ 300 ಕ್ಯಾಂಡೆಲಾ ಬೇಕು ಅಂತ ಹೇಳ್ತವೆ, ವ್ಯತ್ಯಾಸ ಎಷ್ಟು ಅಂತ ನೀವೇ ನೋಡಿ. ಬ್ರೇಕ್ ಲೈಟ್ ಜೊತೆ ಕಲಸಿಹೋಗಬಾರದು ಅಂತ ಅದರಿಂದ 10 ಸೆಂಟಿಮೀಟರಿಗಿಂತ ಜಾಸ್ತಿ ದೂರ ಇಡಬೇಕು ಅಂತಲೂ ಇದೆ. ಕೆಲವು ಕಾರಲ್ಲಿ ಇದು ಒಂದೇ ಕಡೆ ಉರಿಯುತ್ತೆ, ರಸ್ತೆ ಮಧ್ಯದ ಕಡೆಗೆ, ಅದನ್ನ ನೋಡಿ ಇನ್ನೊಂದು ಬಲ್ಬ್ ಹೋಗಿದೆ ಅಂತ ಗ್ಯಾರೇಜಿಗೆ ಓಡ್ಬೇಡಿ, ಅದು ಇರೋದೇ ಹಾಗೆ.

ಆದ್ರೆ ಇಷ್ಟು ಜೋರಾಗಿರೋ ಕೆಂಪು ದೀಪವನ್ನ ಮಂಜಿಲ್ಲದಾಗ ಹಾಕಿದ್ರೆ ಹಿಂದೆ ಬರೋನಿಗೆ ಶಿಕ್ಷೆ. ನೀವು ಬ್ರೇಕ್ ಹಾಕಿದ್ರೂ ಗೊತ್ತಾಗಲ್ಲ, ಯಾಕಂದ್ರೆ ಅಷ್ಟೇ ಜೋರಿನ ಕೆಂಪು ಆಗಲೇ ಉರೀತಿದೆ. ಜರ್ಮನಿಯಲ್ಲಿ ಮಂಜಿಗೆ 50 ಮೀಟರಿಗಿಂತ ಕಡಿಮೆ ಕಾಣ್ತಿದ್ರೆ ಮಾತ್ರ ರಿಯರ್ ಫಾಗ್ ಹಾಕಬಹುದು, ಹಾಗೆ ಕಡಿಮೆ ಕಾಣುವಾಗ ಸ್ಪೀಡೂ ಗಂಟೆಗೆ 50 ದಾಟಬಾರದು. ಬ್ರಿಟನ್‌ನಲ್ಲಿ ಸುಮಾರು 100 ಮೀಟರ್ ಅನ್ನೋ ಲೆಕ್ಕ, ಮಂಜು ತೆಳುವಾದ ಮೇಲೆ ಆರಿಸಲೇಬೇಕು. ಫ್ರಾನ್ಸ್‌ನಲ್ಲಿ ಮಳೆಗೆ ರಿಯರ್ ಫಾಗ್ ಹಾಕೋ ಹಾಗೇ ಇಲ್ಲ. ಡ್ಯಾಶ್‌ಬೋರ್ಡಲ್ಲಿ ಎರಡರ ಗುರುತೂ ಒಂದೇ ಥರ ಇರೋದ್ರಿಂದ ತಪ್ಪಿ ಒತ್ತೋರು ಜಾಸ್ತಿ. ಹಸಿರು ಬಣ್ಣದ್ದು, ಎಡಕ್ಕೆ ಓರೆಯಾಗಿ ಗೆರೆ ಇಳಿದಿರೋದು ಮುಂದಿನದು, ಕಿತ್ತಳೆ ಬಣ್ಣದ್ದು, ಬಲಕ್ಕೆ ನೇರ ಗೆರೆ ಇರೋದು ಹಿಂದಿನದು, ಎರಡರಲ್ಲೂ ಗೆರೆಗಳ ಮಧ್ಯೆ ಒಂದು ಅಲೆ ಇರುತ್ತೆ.

ಮುಂದಿನ ಫಾಗ್ ಲೈಟನ್ನ ಅಂದಕ್ಕೆ ಅಂತ ದಿನಾ ರಾತ್ರಿ ಉರಿಸೋರಿಗೂ ಒಂದು ಮಾತು. ಹತ್ತಿರದ ರಸ್ತೆ ಫಳಫಳ ಅಂದ ತಕ್ಷಣ ಚೆನ್ನಾಗಿ ಕಾಣ್ತಿದೆ ಅಂತ ಮನಸ್ಸಿಗೆ ಅನ್ಸುತ್ತೆ, ಆದ್ರೆ ಕಣ್ಣು ಆ ಹತ್ತಿರದ ಬೆಳಕಿಗೆ ಒಗ್ಗಿಬಿಡುತ್ತೆ, ದೂರದ ಕತ್ತಲಲ್ಲಿರೋದು ಇನ್ನೂ ಮಂಕಾಗುತ್ತೆ. ವೇಗವಾಗಿ ಹೋಗುವಾಗ ಬೇಕಾಗಿರೋದು ದೂರದ್ದೇ ತಾನೇ. ಮಳೆಯಲ್ಲಂತೂ ಒದ್ದೆ ರಸ್ತೆ ಕನ್ನಡಿ ಥರ ಆಗಿರುತ್ತೆ, ಹತ್ತಿರ ಬಿದ್ದ ಬೆಳಕು ನಿಮ್ಮ ಕಡೆ ವಾಪಸ್ ಬರದೆ ಮುಂದಕ್ಕೆ ಜಾರಿ ಎದುರಿನವನ ಕಣ್ಣಿಗೆ ಹೊಡೆಯುತ್ತೆ, ನಿಮಗೆ ರಸ್ತೆ ಕಪ್ಪು, ಅವನಿಗೆ ಎಲ್ಲ ಬಿಳಿ.

ಇನ್ನೊಂದು ಹೊಸ ಕಾಲದ ಅಪಾಯ ಇದೆ. ಆಟೋ ಲೈಟ್ ಇರೋ ಗಾಡಿಗಳು ಹೊರಗೆ ಬೆಳಕಿದೆಯಾ ಇಲ್ವಾ ಅಂತ ಸೆನ್ಸರಲ್ಲಿ ನೋಡಿ ಹೆಡ್‌ಲೈಟ್ ಹಾಕ್ತವೆ. ಹಗಲು ಮಂಜಲ್ಲಿ ಬೆಳಕೇನೋ ಇರುತ್ತೆ, ಅದಕ್ಕೇ ಎಷ್ಟೋ ಗಾಡಿಯಲ್ಲಿ ಸೆನ್ಸರ್ ಸುಮ್ಮನಿರುತ್ತೆ. ಮುಂದೆ ಡಿಆರ್‌ಎಲ್, ಅಂದ್ರೆ ಹಗಲಲ್ಲಿ ತಾನಾಗೇ ಉರಿಯೋ ದೀಪ, ಉರೀತಿರುತ್ತೆ, ಮೀಟರೂ ಹೊಳೀತಿರುತ್ತೆ, ಲೈಟ್ ಆನ್ ಇದೆ ಅಂದ್ಕೊಂಡು ನೀವು ಹೋಗ್ತಿರ್ತೀರಿ, ಹಿಂದೆ ಮಾತ್ರ ಒಂದು ದೀಪಾನೂ ಇರಲ್ಲ. ಮಂಜು ಕಂಡ್ರೆ ಆಟೋ ನಂಬಬೇಡಿ, ಕೈಯಲ್ಲೇ ಲೋ ಬೀಮ್, ಅಂದ್ರೆ ಡಿಮ್ ಲೈಟು, ಹಾಕಿ, ಆಗ ಹಿಂದಿನದೂ ಜೊತೆಗೆ ಬರುತ್ತೆ. ರಿಯರ್ ಫಾಗ್ ಕೂಡ ಹೆಡ್‌ಲೈಟ್ ಅಥವಾ ಮುಂದಿನ ಫಾಗ್ ಆನ್ ಇದ್ರೆ ಮಾತ್ರ ಉರಿಯೋದು. ಓಡ್ತಿರೋ ಗಾಡಿಯಲ್ಲಿ ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ) ಮಿಣುಕಿಸೋದು ಬೇಡ, ಹಿಂದಿನವನಿಗೆ ನೀವು ನಿಂತಿದೀರೋ ತಿರುಗ್ತೀರೋ ಏನೂ ಗೊತ್ತಾಗಲ್ಲ.

ಈಗ ಅಡಾಪ್ಟಿವ್ ಹೆಡ್‌ಲೈಟಿಗೆ ಬರೋಣ. ಈ ಹೆಸರಲ್ಲಿ ಎರಡು ಬೇರೆ ಬೇರೆ ಸಾಮಾನು ಮಾರ್ತಾರೆ, ಕೊಳ್ಳೋರು ಕೇಳಿ ತಿಳ್ಕೊಳ್ಳೋದು ಒಳ್ಳೇದು. ಒಂದು, ತಿರುವಲ್ಲಿ ಸ್ಟೇರಿಂಗ್ ಜೊತೆ ಬೆಳಕೂ ತಿರುಗೋದು. ಎರಡು, ಹೈ ಬೀಮ್ ಉರೀತಿರುವಾಗಲೇ ಎದುರಿನ ಗಾಡಿ ಇರೋ ಜಾಗವನ್ನ ಮಾತ್ರ ಕತ್ತಲು ಮಾಡೋದು.

ತಿರುಗೋದು ಯಾಕೆ ಬೇಕು ಅಂದ್ರೆ, 100 ಮೀಟರ್ ತ್ರಿಜ್ಯದ ಒಂದು ತಿರುವು ತಗೊಳ್ಳಿ, ಅದೇನು ಭಾರಿ ತಿರುವಲ್ಲ. ಅದರಲ್ಲಿ 40 ಮೀಟರ್ ಮುಂದೆ ಹೋಗೋಷ್ಟರಲ್ಲಿ ರಸ್ತೆ ನಿಮ್ಮ ನೇರ ಗೆರೆಯಿಂದ ಸುಮಾರು 8 ಮೀಟರ್ ಪಕ್ಕಕ್ಕೆ ಹೋಗಿರುತ್ತೆ, ಎರಡು ಲೇನಿಗಿಂತ ಜಾಸ್ತಿ. ನೇರ ನೋಡ್ಕೊಂಡಿರೋ ಹೆಡ್‌ಲೈಟಿನ ಜೋರು ಬೆಳಕೆಲ್ಲ ರಸ್ತೆ ಬಿಟ್ಟು ಗಿಡಗಂಟಿ ಮೇಲೆ, ಗೋಡೆ ಮೇಲೆ ಬೀಳುತ್ತೆ, ನೀವು ಹೋಗ್ತಿರೋ ದಾರಿಯಲ್ಲಿ ದನ ಮಲಗಿದ್ರೂ ಹತ್ತಿರ ಹೋಗೋ ತನಕ ಗೊತ್ತಾಗಲ್ಲ. ಇದು ಹೊಸ ಐಡಿಯಾ ಏನೂ ಅಲ್ಲ. ಅಮೆರಿಕದಲ್ಲಿ 1948ರ ಟಕರ್ ಕಾರಿಗೆ ಮುಂದೆ ಮಧ್ಯದಲ್ಲಿ ಮೂರನೇ ದೀಪ ಇತ್ತು, ಸ್ಟೇರಿಂಗ್ ಸ್ವಲ್ಪ ಜಾಸ್ತಿ ತಿರುಗಿಸಿದ್ರೆ ಅದೂ ತಿರುಗ್ತಿತ್ತು. ಸಿಟ್ರೊಯೆನ್ ಡಿಎಸ್ 1967ರಲ್ಲಿ ಮುಖ ಬದಲಾಯಿಸ್ಕೊಂಡಾಗ ಗಾಜಿನ ಹಿಂದಿನ ಒಳಗಡೆ ಜೋಡಿ ದೀಪ ಸ್ಟೇರಿಂಗ್ ಜೊತೆ ಕೇಬಲ್ಲಲ್ಲಿ ತಿರುಗೋ ಹಾಗೆ ಮಾಡಿದ್ರು, ಯಾವ ಕಂಪ್ಯೂಟರೂ ಇಲ್ಲದೆ. ಈಗ ಕೇಬಲ್ ಬದಲು ಸ್ಟೇರಿಂಗ್ ಎಷ್ಟು ತಿರುಗಿದೆ, ಗಾಡಿ ಎಷ್ಟು ಸ್ಪೀಡಲ್ಲಿದೆ, ಎಷ್ಟು ಸುತ್ತುತ್ತಿದೆ ಅನ್ನೋದನ್ನ ಸೆನ್ಸರ್‌ಗಳು ಹೇಳ್ತವೆ, ಒಂದು ಪುಟ್ಟ ಮೋಟರ್ ದೀಪವನ್ನ ಅಷ್ಟು ತಿರುಗಿಸುತ್ತೆ. ಕಡಿಮೆ ಬೆಲೆಯ ಗಾಡಿಗಳಲ್ಲಿ ಮೋಟರ್ ಇರಲ್ಲ, ಇಂಡಿಕೇಟರ್ ಹಾಕಿ ನಿಧಾನಕ್ಕೆ ತಿರುಗಿಸಿದಾಗ ಆ ಕಡೆಯ ಫಾಗ್ ಲೈಟೋ ಪಕ್ಕದ ಇನ್ನೊಂದು ದೀಪವೋ ಹತ್ತಿಕೊಳ್ಳುತ್ತೆ, ಅದನ್ನ ಕಾರ್ನರಿಂಗ್ ಲೈಟ್ ಅಂತಾರೆ. ಗಲ್ಲಿಗಳಲ್ಲಿ, ಗೇಟಿನ ಒಳಗೆ ತಿರುಗಿಸುವಾಗ ಅದೂ ಚೆನ್ನಾಗೇ ಕೆಲಸಕ್ಕೆ ಬರುತ್ತೆ, ಆದ್ರೆ ಸ್ಪೀಡಲ್ಲಿ ತಿರುವಿಗೆ ಅದು ಸಾಲದು.

ಇದರ ಜೊತೆ ಬರೋ ಆಟೋ ಲೆವೆಲಿಂಗ್ (ಭಾರಕ್ಕೆ ತಕ್ಕ ಹಾಗೆ ದೀಪದ ಕೋನ ತಾನೇ ಸರಿಮಾಡ್ಕೊಳ್ಳೋದು) ಬಗ್ಗೆ ಜಾಹೀರಾತಲ್ಲಿ ಬರಲ್ಲ, ನನಗೆ ಮಾತ್ರ ಅದು ದೊಡ್ಡ ವಿಷಯ ಅನ್ಸುತ್ತೆ. ಲೋ ಬೀಮನ್ನ ಸಾಮಾನ್ಯವಾಗಿ ಪ್ರತಿ 10 ಮೀಟರಿಗೆ 10 ಸೆಂಟಿಮೀಟರ್ ಇಳಿಯೋ ಹಾಗೆ ಕೂರಿಸಿರ್ತಾರೆ, ದೀಪ 65 ಸೆಂಟಿಮೀಟರ್ ಎತ್ತರದಲ್ಲಿದ್ರೆ ಬೆಳಕಿನ ಅಂಚು 65 ಮೀಟರಲ್ಲಿ ನೆಲ ಮುಟ್ಟುತ್ತೆ. ಹಿಂದಿನ ಸೀಟಲ್ಲಿ ಮೂರು ಜನ ಕೂತು, ಡಿಕ್ಕಿ ತುಂಬಾ ಲಗೇಜ್ ಹಾಕಿದಾಗ ಮೂತಿ ಬರೀ 1 ಡಿಗ್ರಿ ಮೇಲೆದ್ರೂ 50 ಮೀಟರ್ ದೂರದಲ್ಲಿ ಬೆಳಕು ಸುಮಾರು 87 ಸೆಂಟಿಮೀಟರ್ ಮೇಲೇರುತ್ತೆ, ಮುಂದಿನವನ ಕನ್ನಡಿ ಬೆಳಗೋಕೆ ಅಷ್ಟು ಸಾಕು. ಸಸ್ಪೆನ್ಷನ್ ಸೆನ್ಸರ್ ಇದ್ರೆ ಅದೇ ಇಳಿಸ್ಕೊಳ್ಳುತ್ತೆ. ಇಲ್ದಿದ್ರೆ ಸ್ಟೇರಿಂಗ್ ಪಕ್ಕ 0, 1, 2, 3 ಅಂತ ಒಂದು ತಿರುಗಿಸೋ ಚಕ್ರ ಇರುತ್ತೆ, ಗಾಡಿ ತಗೊಂಡಾಗಿಂದ ಅದನ್ನ ಮುಟ್ಟೇ ಇಲ್ಲದವರು ಎಷ್ಟೋ ಜನ.

ಎರಡನೇ ಥರದ್ದು ಮ್ಯಾಟ್ರಿಕ್ಸ್ ಅಂತ ಹೆಸರಾಗಿರೋದು. ಹೈ ಬೀಮನ್ನ ತಾನಾಗೇ ಡಿಮ್ ಮಾಡೋ ಆಸೆ ಹಳೇದು, 1952ರಲ್ಲೇ ಜನರಲ್ ಮೋಟರ್ಸ್‌ನವರು ಆಟ್ರಾನಿಕ್ ಐ ಅಂತ ಡ್ಯಾಶ್‌ಬೋರ್ಡ್ ಮೇಲೆ ಒಂದು ಬೆಳಕಿನ ಸೆನ್ಸರ್ ಇಟ್ಟಿದ್ರು. ಆದ್ರೆ ಅದೂ ಈಗಿನ ಮಾಮೂಲಿ ಆಟೋ ಹೈ ಬೀಮೂ ಪೂರ್ತಿ ಹೈ ಇಲ್ಲಾ ಪೂರ್ತಿ ಡಿಮ್, ಮಧ್ಯದ್ದು ಇಲ್ಲ. ಮ್ಯಾಟ್ರಿಕ್ಸಲ್ಲಿ ಒಂದು ಹೆಡ್‌ಲೈಟ್ ಒಳಗೆ ಸಾಲಾಗಿ ಎಲ್‌ಇಡಿಗಳು, ಒಂದೊಂದೂ ರಸ್ತೆಯ ಒಂದೊಂದು ಪಟ್ಟಿಯನ್ನ ಬೆಳಗಿಸುತ್ತೆ. ಮುಂದಿನ ಗಾಜಿನ ಹಿಂದಿರೋ ಕ್ಯಾಮೆರಾ ಎದುರು ಬರೋ ಬಿಳಿ ದೀಪ, ಮುಂದೆ ಹೋಗೋ ಕೆಂಪು ದೀಪ ಎಲ್ಲಿದೆ ಅಂತ ಗುರುತಿಸಿ ಆ ದಿಕ್ಕಿನ ಎಲ್‌ಇಡಿ ಮಾತ್ರ ಆರಿಸುತ್ತೆ, ಆ ಗಾಡಿ ಸರಿದ ಹಾಗೆ ಕತ್ತಲಿನ ಕಿಂಡಿಯೂ ಸರೀತಾ ಹೋಗುತ್ತೆ, ಅಕ್ಕಪಕ್ಕ ಪೂರ್ತಿ ಹೈ ಬೀಮ್ ಹಾಗೇ ಇರುತ್ತೆ. ಆಡಿ ಎ8ರಲ್ಲಿ 2013ರಲ್ಲಿ ಬಂದಾಗ ಒಂದು ಕಡೆಗೆ 25 ಎಲ್‌ಇಡಿ ಇತ್ತು, 2015ರಲ್ಲಿ ಓಪೆಲ್ ಆಸ್ಟ್ರಾ ಎರಡೂ ಕಡೆ ಸೇರಿ 16 ತುಂಡಿನ ಮ್ಯಾಟ್ರಿಕ್ಸ್ ತಂದು ಇದನ್ನ ಸಣ್ಣ ಕಾರಿಗೂ ಇಳಿಸ್ತು, ಮರ್ಸಿಡಿಸ್‌ನವರು ಮುಂದೆ ಹೋಗಿ ಒಂದೊಂದು ದೀಪದಲ್ಲೂ 13 ಲಕ್ಷ ಸೂಕ್ಷ್ಮ ಕನ್ನಡಿಗಳನ್ನ ಕೂರಿಸಿ ಹೆಡ್‌ಲೈಟನ್ನ ಪ್ರೊಜೆಕ್ಟರೇ ಮಾಡಿಬಿಟ್ರು. ತಮಾಷೆ ಅಂದ್ರೆ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2022ರ ಫೆಬ್ರವರಿಯಲ್ಲಿ. ಅಲ್ಲಿನ ಕಾನೂನಲ್ಲಿ ಹೈ ಬೇರೆ, ಲೋ ಬೇರೆ ಅಂತಿತ್ತು, ಎರಡರ ಮಧ್ಯದ್ದಕ್ಕೆ ಜಾಗವೇ ಇರಲಿಲ್ಲ, ಟೊಯೋಟಾದವರು 2013ರಲ್ಲೇ ಅರ್ಜಿ ಹಾಕಿ ಕಾದಿದ್ರು.

ಇದರ ಲಾಭ ನಿಜ. ಹೆಚ್ಚಿನವರು ಎದುರಿನವರ ಬೈಗುಳಕ್ಕೆ ಹೆದರಿಯೋ ಸೋಮಾರಿತನಕ್ಕೋ ಕತ್ತಲ ಹೆದ್ದಾರಿಯಲ್ಲೂ ಲೋ ಬೀಮಲ್ಲೇ ಹೋಗ್ತಾರೆ, ಲೋ ಬೀಮ್ ಚೆನ್ನಾಗಿ ತೋರಿಸೋದು ಆ 60 ಮೀಟರ್ ಆಸುಪಾಸು. ಅಮೆರಿಕದ ಐಐಎಚ್‌ಎಸ್ ಅನ್ನೋ ಸಂಸ್ಥೆ ಹೆಡ್‌ಲೈಟಿಗೆ ಮಾರ್ಕ್ಸ್ ಕೊಡುತ್ತೆ, ಅವರ ಲೆಕ್ಕದಲ್ಲಿ ಒಳ್ಳೆ ಮಾರ್ಕ್ಸ್ ಬಂದ ಗಾಡಿಗಳು ರಾತ್ರಿ ಬೇರೆ ಗಾಡಿ ಇಲ್ಲದೆ ಒಂಟಿಯಾಗಿ ಅಪಘಾತಕ್ಕೆ ಸಿಗೋದು ಕೆಟ್ಟ ಮಾರ್ಕ್ಸ್ ಬಂದವಕ್ಕಿಂತ ನೂರಕ್ಕೆ 19ರಷ್ಟು ಕಡಿಮೆ. ಅದೇ ಸಂಸ್ಥೆ 2016ರಲ್ಲಿ ಮೊದಲ ಸಲ 31 ಕಾರು ನೋಡಿದಾಗ ಒಂದಕ್ಕೆ ಮಾತ್ರ ಒಳ್ಳೆ ಮಾರ್ಕ್ಸ್ ಬಂದಿತ್ತು, ದುಬಾರಿ ಕಾರುಗಳೂ ಫೇಲ್. ಹಾಗಾಗಿ ಅಡಾಪ್ಟಿವ್ ಅಂತ ಬರೆದಿದೆ ಅಂದ ತಕ್ಷಣ ಬೆಳಕು ಚೆನ್ನಾಗಿದೆ ಅಂತ ಅರ್ಥ ಅಲ್ಲ, ಕೂರಿಸಿರೋ ಕೋನವೇ ಸರಿ ಇಲ್ದಿದ್ರೆ ಎಷ್ಟು ಮೋಟರ್ ಇದ್ರೂ ವ್ಯರ್ಥ.

ಕ್ಯಾಮೆರಾಕ್ಕೂ ಮಿತಿ ಇದೆ. ಏರಿನ ಆ ಕಡೆಯಿಂದ ತಟ್ಟನೆ ಬರೋ ಗಾಡಿ, ಡಿವೈಡರ್ ಹಿಂದೆ ಅರ್ಧ ಮುಚ್ಚಿದ ಲಾರಿ ದೀಪ, ಮಂದ ದೀಪದ ಸೈಕಲ್, ದೀಪವೇ ಇಲ್ಲದೆ ನಡೆಯೋರು, ಇವೆಲ್ಲ ಅದಕ್ಕೆ ಕಷ್ಟ, ಹಾಗಾಗಿ ಡಿಮ್ ಮಾಡೋ ಕೈ ತಯಾರಿರಬೇಕು. ದಟ್ಟ ಮಂಜಲ್ಲಂತೂ ನಮಗೆ ಕಾಣದೇ ಇದ್ದದ್ದು ಅದಕ್ಕೂ ಕಾಣಲ್ಲ, ಎದುರಿನ ದೀಪ ಗುರುತಿಸೋದು ತಡವಾಗುತ್ತೆ, ಅಷ್ಟರ ತನಕ ಹೈ ಬೀಮ್ ಉರಿದು ಮುಂದೆ ಬಿಳಿ ಗೋಡೆ. ಮಂಜು ಸಿಕ್ಕಿದ ತಕ್ಷಣ ಆಟೋ ಹೈ ಬೀಮ್ ಆಫ್ ಮಾಡಿ ಲೋ ಬೀಮಿಗೆ ಇಳೀಬೇಕು.

ಹೊಸ ಗಾಡಿ ತಗೊಳ್ಳೋರು ಕೇಳಿದ್ರೆ ನಾನು ಹೇಳೋದು ಹೀಗೆ. ರಾತ್ರಿ ಹೆದ್ದಾರಿ, ಘಟ್ಟದ ರಸ್ತೆ ಜಾಸ್ತಿ ಓಡಿಸೋರು ಅಡಾಪ್ಟಿವ್‌ಗೆ ಜಾಸ್ತಿ ದುಡ್ಡು ಕೊಟ್ರೆ ಪೋಲಾಗಲ್ಲ, ಬರೀ ಊರೊಳಗೆ ಬೀದಿ ದೀಪದ ಕೆಳಗೆ ಓಡಾಡೋರಿಗೆ ಅದು ಹೆಚ್ಚಿನ ದಿನ ಸುಮ್ಮನೆ ಕೂತಿರುತ್ತೆ. ಮುಂದಿನ ಫಾಗ್ ಲೈಟ್ ಈಗ ಕೆಲವು ಕಂಪನಿಗಳು ತೆಗೆದುಹಾಕ್ತಿವೆ, ಎಲ್‌ಇಡಿ ಲೋ ಬೀಮ್ ಅಗಲವಾಗಿ ಹರಡೋ ಹಾಗಿದ್ರೆ ಅದಕ್ಕೆ ಅಷ್ಟು ಬೇಜಾರು ಬೇಡ. ರಿಯರ್ ಫಾಗ್ ಇಲ್ಲ ಅಂದ್ರೆ ಮಾತ್ರ ಎರಡು ಸಲ ಯೋಚನೆ ಮಾಡಿ. ಇರೋ ಹ್ಯಾಲೊಜನ್ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ತುರುಕೋದು ಬೇಡ, ಆ ರಿಫ್ಲೆಕ್ಟರ್ ಲೆಕ್ಕ ಹಾಕಿರೋದು ತಂತಿ ಉರಿಯೋ ಒಂದು ನಿರ್ದಿಷ್ಟ ಜಾಗಕ್ಕೆ, ಬೆಳಕು ಹುಟ್ಟೋ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದ್ರೂ ಅಂಚು ಕೆಟ್ಟು ಎದುರಿನವನ ಮುಖಕ್ಕೆ ಚೆಲ್ಲುತ್ತೆ. ಬಿಸಿಲಿಗೆ ಹಳದಿಯಾದ ಹೆಡ್‌ಲೈಟ್ ಕವರ್ ಪಾಲಿಶ್ ಮಾಡಿಸಿ, ಅಥವಾ ಬದಲಾಯಿಸಿ, ಹೊಸ ಬಲ್ಬಿಗಿಂತ ಅದರಿಂದ ಜಾಸ್ತಿ ವ್ಯತ್ಯಾಸ ಗೊತ್ತಾಗುತ್ತೆ. ಅಡಾಪ್ಟಿವ್ ಇರೋ ಗಾಡಿಯ ಮುಂದಿನ ಗಾಜು ಒಡೆದು ಬದಲಾಯಿಸಿದ್ರೆ ಕ್ಯಾಮೆರಾ ಕ್ಯಾಲಿಬ್ರೇಷನ್, ಅಂದ್ರೆ ಅದರ ನೋಟ ಮತ್ತೆ ಸರಿ ಹೊಂದಿಸೋದು, ಮಾಡಿದ್ರಾ ಅಂತ ಕೇಳಿ, ಸಸ್ಪೆನ್ಷನ್ ಅಥವಾ ಬಂಪರ್ ಕೆಲಸ ಆದ ಮೇಲೆ ಹೆಡ್‌ಲೈಟ್ ಎತ್ತರವನ್ನೂ ಗೋಡೆ ಮುಂದೆ ನಿಲ್ಲಿಸಿ ಒಂದ್ಸಲ ನೋಡಿಸಿ, ವಾರಕ್ಕೊಮ್ಮೆ ಕ್ಯಾಮೆರಾ ಮುಂದಿನ ಗಾಜು ಒರೆಸಿ.